ಬಾಡಿಗೆ ಮನೆಯಿಂದ ಸ್ವಂತ ಮನೆಗೆ: ಮೊದಲು ಸಾಲದ ಲೆಕ್ಕ, ಆಮೇಲೆ ಮನೆ ಹುಡುಕಾಟ

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರು ಮನೆ ಕೊಳ್ಳಲು ಹೊರಟಾಗ ಮೊದಲು ಫ್ಲ್ಯಾಟ್ ನೋಡುತ್ತಾರೆ, ಇಷ್ಟವಾದರೆ ಟೋಕನ್ ಅಡ್ವಾನ್ಸ್ ಕೊಡುತ್ತಾರೆ, ಬ್ಯಾಂಕ್‌ಗೆ ಹೋಗುವುದು ಕೊನೆಯಲ್ಲಿ. ಅಡ್ವಾನ್ಸ್ ಕಳೆದುಕೊಳ್ಳುವವರಲ್ಲಿ ಹೆಚ್ಚಿನವರು ಹೀಗೆ ತಿರುಗುಮುರುಗಾಗಿ ನಡೆದವರೇ. ನಿಮಗೆ ಎಷ್ಟು ಸಾಲ, ಯಾರಿಂದ, ಯಾವ ಬಡ್ಡಿಗೆ ಸಿಗುತ್ತದೆ ಎಂಬುದು ಸಂಬಳದ ಮೇಲೆ ಎಷ್ಟು ನಿಂತಿದೆಯೋ ಮನೆಯ ಕಾಗದಪತ್ರದ ಮೇಲೂ ಅಷ್ಟೇ ನಿಂತಿದೆ.

ಕೈಯಲ್ಲಿ ಎಷ್ಟು ಇರಬೇಕು

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಮೌಲ್ಯದ ಗರಿಷ್ಠ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75ರಷ್ಟು ಮಾತ್ರ ಕೊಡಬಹುದು. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಖರ್ಚು ಈ ಲೆಕ್ಕದೊಳಗೆ ಬರುವುದಿಲ್ಲ.

60 ಲಕ್ಷದ ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಸಾಲ 48 ಲಕ್ಷ, ನಿಮ್ಮ ಪಾಲು 12 ಲಕ್ಷ. ಇದರ ಮೇಲೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6 ಅಂದರೆ 4.56 ಲಕ್ಷ. ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಬೇರೆ. ಹೀಗೆ 17 ಲಕ್ಷ ಕೈಯಲ್ಲಿಲ್ಲದೆ 60 ಲಕ್ಷದ ಮನೆಗೆ ಕೈ ಹಾಕಬೇಡಿ. ಬ್ಯಾಂಕಿನ ಮೌಲ್ಯಮಾಪಕರು ಅದೇ ಮನೆಗೆ 55 ಲಕ್ಷ ಎಂದು ಬರೆದರೆ ಸಾಲ 44 ಲಕ್ಷಕ್ಕೆ ಇಳಿಯುತ್ತದೆ, ಆ 4 ಲಕ್ಷವನ್ನೂ ನೀವೇ ಹೊಂದಿಸಬೇಕು.

ಲೀಸ್ ಮನೆಯಲ್ಲಿ, ಅಂದರೆ ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ, ಇರುವವರು ಇನ್ನೂ ಎಚ್ಚರ ವಹಿಸಬೇಕು. ನಿಮ್ಮ ದುಡ್ಡು ಮನೆ ಮಾಲೀಕರ ಹತ್ತಿರ ಇದೆ, ಮುಂದಿನ ಲೀಸ್‌ನವರು ಬಂದು ಕೊಟ್ಟ ಮೇಲೆಯೇ ಅವರು ಅದನ್ನು ವಾಪಸ್ ಮಾಡುವುದು ಸಾಮಾನ್ಯ. ಆದ್ದರಿಂದ ಮನೆ ನೋಡಲು ಶುರು ಮಾಡುವ ಮೊದಲೇ ಅವರಿಗೆ ತಿಳಿಸಿ, ವಾಪಸಿನ ತಾರೀಖನ್ನು ಬರವಣಿಗೆಯಲ್ಲಿ ಪಡೆಯಿರಿ. ಹಣ ಬ್ಯಾಂಕ್ ಖಾತೆಗೇ ಬರಲಿ. ನಿಮ್ಮ ಪಾಲಿನ ಹಣ ಎಲ್ಲಿಂದ ಬಂತು ಎಂದು ಸಾಲ ಕೊಡುವವರು ಕೇಳಿದಾಗ ತೋರಿಸಲು ದಾಖಲೆ ಬೇಕಾಗುತ್ತದೆ.

ಎಷ್ಟು ಸಾಲ ಹುಟ್ಟುತ್ತದೆ

ಕೈಗೆ ಬರುವ ಸಂಬಳದ ಸುಮಾರು ಅರ್ಧದಷ್ಟನ್ನು ಎಲ್ಲ ಕಂತುಗಳಿಗೂ ಸೇರಿಸಿ ಬ್ಯಾಂಕ್‌ಗಳು ಒಪ್ಪುತ್ತವೆ. ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದರೆ ಲಕ್ಷಕ್ಕೆ 868 ರೂಪಾಯಿ ಕಂತು. 48 ಲಕ್ಷಕ್ಕೆ 41,656. ಈಗಾಗಲೇ ತಿಂಗಳಿಗೆ 5,000ದ ಬೈಕ್ ಕಂತು ಇದ್ದರೆ ಅದು ನಿಮ್ಮ ಅರ್ಹತೆಯಿಂದ ಸುಮಾರು 5.75 ಲಕ್ಷ ಕಿತ್ತುಕೊಳ್ಳುತ್ತದೆ. ಬೈಕ್ ಸಾಲ ತೀರಿಸಿ, ಅದು ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲಗಳ ಮತ್ತು ಮರುಪಾವತಿಯ ಚರಿತ್ರೆ) ಮುಚ್ಚಿದೆ ಎಂದು ಕಂಡ ಮೇಲೆ ಅರ್ಜಿ ಹಾಕಿ. ಸ್ಕೋರ್ 750ಕ್ಕಿಂತ ಮೇಲಿದ್ದರೆ ಬಡ್ಡಿಯಲ್ಲಿ ಚೌಕಾಸಿಗೆ ಜಾಗ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಜಂಟಿ ಅರ್ಜಿ ಹಾಕಿ, ಇಬ್ಬರ ಆದಾಯವೂ ಲೆಕ್ಕಕ್ಕೆ ಬರುತ್ತದೆ.

ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದವರು ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಹಾಯಧನವನ್ನು ಕೇಳಬಹುದು. ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ದಾಟುವಂತಿಲ್ಲ. ಬೆಂಗಳೂರಿನ ಬೆಲೆಯಲ್ಲಿ ಇದು ನಗರದ ಅಂಚಿನ ಸಣ್ಣ ಮನೆಗಳಿಗಷ್ಟೇ ಹೊಂದುತ್ತದೆ.

ಖಾತೆ ಹೇಗೋ ಸಾಲ ಹಾಗೆ

ಖಾತೆ ಎಂದರೆ ತೆರಿಗೆಗಾಗಿ ಪಾಲಿಕೆ ಇಡುವ ಸ್ವತ್ತಿನ ದಾಖಲೆ; ನಿಯಮಬದ್ಧ ಸ್ವತ್ತಿಗೆ ಎ, ನಿಯಮ ಪೂರೈಸದ್ದಕ್ಕೆ ಬಿ. ಎ ಖಾತೆ, ಮಂಜೂರಾದ ನಕ್ಷೆ, ಕಟ್ಟಡದಲ್ಲಿ ವಾಸಕ್ಕೆ ಅನುಮತಿ ಕೊಡುವ ಸ್ವಾಧೀನಾನುಭವ ಪತ್ರ ಅಂದರೆ ಒಸಿ ಮೂರೂ ಇದ್ದರೆ ಸರ್ಕಾರಿ ಬ್ಯಾಂಕ್‌ಗಳ ಕಡಿಮೆ ಬಡ್ಡಿಯ ಸಾಲಕ್ಕೆ ದಾರಿ ಸಲೀಸು. ಬಿ ಖಾತೆ, ಕೃಷಿ ಜಮೀನಿನಲ್ಲೇ ಎದ್ದ ರೆವಿನ್ಯೂ ಬಡಾವಣೆ, ನಕ್ಷೆ ಮೀರಿ ಕಟ್ಟಿದ ಮಹಡಿ, ಇವುಗಳಿಗೆ ಹೆಚ್ಚಿನ ಬ್ಯಾಂಕ್‌ಗಳು ಇಲ್ಲ ಎನ್ನುತ್ತವೆ. ಕೆಲವು ಗೃಹಸಾಲ ಸಂಸ್ಥೆಗಳು ಹೆಚ್ಚು ಬಡ್ಡಿಗೆ ಕೊಡುತ್ತವೆ. "ಈಗ ಇವರಲ್ಲಿ ತಗೊಳ್ಳಿ, ವರ್ಷದ ಮೇಲೆ ಬ್ಯಾಂಕ್‌ಗೆ ಟ್ರಾನ್ಸ್‌ಫರ್ ಮಾಡಿಸೋಣ" ಎಂಬ ಏಜೆಂಟರ ಮಾತನ್ನು ನಂಬಬೇಡಿ. ಇಂದು ಒಪ್ಪದ ಕಾಗದವನ್ನು ಬ್ಯಾಂಕ್ ಮುಂದಿನ ವರ್ಷವೂ ಒಪ್ಪುವುದಿಲ್ಲ.

ಇ-ಖಾತೆ (ಡಿಜಿಟಲ್ ರೂಪದ ಖಾತೆ) ಇಲ್ಲದೆ ಈಗ ನೋಂದಣಿಯೇ ಆಗುವುದಿಲ್ಲ. ಅದರಲ್ಲಿರುವ ಮಾಲೀಕರ ಹೆಸರು, ಅಳತೆ, ಚಕ್ಕುಬಂದಿ ಎಲ್ಲವನ್ನೂ ಕ್ರಯಪತ್ರದೊಂದಿಗೆ ಸಾಲು ಸಾಲಾಗಿ ಹೋಲಿಸಿ. ನಂತರ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಿ. ಆನ್‌ಲೈನ್‌ನಲ್ಲಿ 2004ರಿಂದೀಚಿನದು ಸಿಗುತ್ತದೆ, ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ವಹಿವಾಟುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ನಮೂನೆ 15ರಲ್ಲಿ ಯಾವುದೋ ಬ್ಯಾಂಕ್ ಹೆಸರಿಗೆ ಅಡಮಾನ ಎಂಬ ಸಾಲು ಕಂಡರೆ, ಅದರ ಕೆಳಗೆ ಆ ಅಡಮಾನ ಬಿಡುಗಡೆಯಾದ ಸಾಲೂ ಇರಬೇಕು. ಇಲ್ಲವೆಂದರೆ ಹಳೆಯ ಸಾಲ ಬಾಕಿ ಇರಬಹುದು, ಅಥವಾ ತೀರಿದ್ದರೂ ಬಿಡುಗಡೆ ಪತ್ರ ನೋಂದಾಯಿಸಿಲ್ಲ. ಎರಡರಲ್ಲಿ ಯಾವುದಾದರೂ ನಿಮ್ಮ ಸಾಲ ಅಲ್ಲೇ ನಿಲ್ಲುತ್ತದೆ.

ಕಟ್ಟಡ ಇನ್ನೂ ಏಳುತ್ತಿದ್ದರೆ ಶೇ 5 ಜಿಎಸ್‌ಟಿ ಸೇರುತ್ತದೆ. 45 ಲಕ್ಷದೊಳಗಿನ, 60 ಚದರ ಮೀಟರ್ ಕಾರ್ಪೆಟ್ ಅಳತೆ (ಮನೆಯೊಳಗೆ ಬಳಸಲು ಸಿಗುವ ಜಾಗ) ಮೀರದ ಮನೆಗೆ ಶೇ 1. ಒಸಿ ಸಿಕ್ಕ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ. ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಪಡೆಯುವುದನ್ನು ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆ ತಡೆಯುತ್ತದೆ. ಪ್ರೀ-ಇಎಂಐ ಆರಿಸಿದರೆ ಬಿಡುಗಡೆಯಾದ ಮೊತ್ತಕ್ಕೆ ಬಡ್ಡಿ ಮಾತ್ರ ಕಟ್ಟುತ್ತೀರಿ, ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ. ಜೊತೆಗೆ ಬಾಡಿಗೆಯೂ ಹೋಗುತ್ತಿರುತ್ತದೆ. ಮೊದಲ ಬಾರಿ ಕೊಳ್ಳುವ ಬಾಡಿಗೆದಾರರಿಗೆ ಒಸಿ ಇರುವ, ಕೂಡಲೇ ಹೋಗಿ ಇರಬಹುದಾದ ಮನೆಯೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಯಾವ ಬಡ್ಡಿ

2019ರ ಅಕ್ಟೋಬರ್‌ನಿಂದ ಬ್ಯಾಂಕ್‌ಗಳ ಹೊಸ ಫ್ಲೋಟಿಂಗ್ ಗೃಹಸಾಲಗಳು ರೆಪೊ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಥರದ ಹೊರಗಿನ ದರಕ್ಕೆ ಅಂಟಿಕೊಂಡಿವೆ, ಮೂರು ತಿಂಗಳಿಗೆ ಒಮ್ಮೆಯಾದರೂ ಬದಲಾಗಬೇಕು. ಗೃಹಸಾಲ ಸಂಸ್ಥೆಗಳಿಗೆ ಈ ಕಟ್ಟುಪಾಡಿಲ್ಲ, ಅವುಗಳ ದರ ಇಳಿಯುವುದು ತಡ. ಹೋಲಿಸುವಾಗ ಇಂದಿನ ದರವನ್ನಷ್ಟೇ ಕೇಳದೆ ರೆಪೊ ಮೇಲೆ ಎಷ್ಟು ಸೇರಿಸುತ್ತೀರಿ ಎಂದು ಕೇಳಿ.

ದರ ಏರಿದಾಗ ಕಂತು ಹೆಚ್ಚಿಸುವುದೋ ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆ ನಿಮ್ಮದು. ಮೇಲಿನ 48 ಲಕ್ಷದ ಸಾಲಕ್ಕೆ ಆರಂಭದಲ್ಲೇ ಬಡ್ಡಿ ಶೇ 0.25 ಏರಿತು ಎನ್ನಿ. ಕಂತು ಹೆಚ್ಚಿಸಿದರೆ ತಿಂಗಳಿಗೆ ಸುಮಾರು 763 ರೂಪಾಯಿ, 20 ವರ್ಷಕ್ಕೆ 1.83 ಲಕ್ಷ. ಅವಧಿ ಹೆಚ್ಚಿಸಿದರೆ ಇನ್ನೊಂದು ವರ್ಷದ ಕಂತು, ಅಂದರೆ 5 ಲಕ್ಷಕ್ಕೂ ಮೇಲೆ. ಏನೂ ಹೇಳದೆ ಕುಳಿತರೆ ಅವಧಿಯೇ ಉದ್ದವಾಗುವ ಸಾಧ್ಯತೆ ಹೆಚ್ಚು, ಹಾಗಾಗಿ ಪತ್ರ ಬರೆದು ಕಂತು ಹೆಚ್ಚಿಸಲು ಹೇಳಿ. ಫ್ಲೋಟಿಂಗ್ ದರದ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ. ಲೀಸ್ ಹಣ ತಡವಾಗಿ ಬರುವವರಿಗೆ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಅನುಕೂಲ: ಬಂದ ಹಣವನ್ನು ಆ ಖಾತೆಗೆ ಹಾಕಿದರೆ ಅಷ್ಟಕ್ಕೆ ಬಡ್ಡಿ ನಿಲ್ಲುತ್ತದೆ, ಬೇಕಾದಾಗ ತೆಗೆಯಲೂಬಹುದು.

ಕರಾರಿನಿಂದ ನೋಂದಣಿವರೆಗೆ

ಮಾರಾಟ ಕರಾರಿನಲ್ಲಿ ಒಂದು ಸಾಲು ಇರಲೇಬೇಕು: "ಸ್ವತ್ತಿನ ದಾಖಲೆಗಳ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡವನ್ನು ಪೂರ್ತಿ ಹಿಂತಿರುಗಿಸತಕ್ಕದ್ದು." ಅವಧಿ ಮೂರು ತಿಂಗಳಿಗಿಂತ ಕಡಿಮೆ ಬೇಡ. 20,000 ಅಥವಾ ಹೆಚ್ಚಿನ ಮುಂಗಡ ನಗದಿನಲ್ಲಿ ನಡೆಯುವಂತಿಲ್ಲ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕವೇ ಕೊಡಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಮರೆತರೆ ನೋಟಿಸ್ ಬರುವುದು ನಿಮಗೇ. ಸಾಲದ ಜೊತೆ ವಿಮೆ ಕಡ್ಡಾಯ ಎಂದು ಕಂತಿಗೆ ಸೇರಿಸಲು ಹೊರಟರೆ ಆ ನಿಯಮವನ್ನು ಬರವಣಿಗೆಯಲ್ಲಿ ಕೇಳಿ. ಬೇರೆಯಾಗಿ ಟರ್ಮ್ ವಿಮೆ ಮಾಡಿಸುವುದು ಸಾಮಾನ್ಯವಾಗಿ ಅಗ್ಗ.

ನೋಂದಣಿಯ ದಿನ ಮೂಲ ಕ್ರಯಪತ್ರ, ತಾಯಿಪತ್ರಗಳು (ಸ್ವತ್ತಿನ ಹಿಂದಿನ ಮಾಲೀಕತ್ವದ ಪತ್ರಗಳು) ಬ್ಯಾಂಕಿನ ವಶಕ್ಕೆ ಹೋಗುತ್ತವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಕೊಟ್ಟ ದಾಖಲೆಗಳ ಪಟ್ಟಿಗೆ ಬ್ಯಾಂಕಿನ ಸಹಿ, ಮೊಹರು ಹಾಕಿಸಿಕೊಳ್ಳಿ. ಸಾಲ ತೀರಿದ 30 ದಿನದೊಳಗೆ ಅವೆಲ್ಲ ನಿಮ್ಮ ಕೈಗೆ ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನು ಕೇಳುವಾಗ ತೋರಿಸಬೇಕಾದದ್ದು ಈ ಪಟ್ಟಿಯನ್ನೇ.