ಬರೆದ ಕತೆ ಬಾಯಿಗೆ ಬರಲಿಲ್ಲ

ಮೊದಲ ಸಲ ಜನರೆದುರು ಕತೆ ಹೇಳಲು ನಿಂತಾಗ ನನ್ನ ಎರಡು ಕಥಾ ಸಂಕಲನಗಳು ಬಂದಿದ್ದವು. ನಾನೇ ಬರೆದ ಕತೆ, ಹೇಳೋದೇನು ಮಹಾ ಅಂದುಕೊಂಡಿದ್ದೆ. 15 ನಿಮಿಷದ ಕತೆಯನ್ನು ಪೂರ್ತಿ ಬಾಯಿಪಾಠ ಮಾಡಿದೆ. ಆರನೇ ನಿಮಿಷಕ್ಕೆ ಸಾಲು ಮರೆತುಹೋಯಿತು. ಕತೆ ಮರೆತಿರಲಿಲ್ಲ, ಸಾಲು ಮಾತ್ರ. ಮುಂದೇನಾಗುತ್ತದೆ ಅಂತ ಗೊತ್ತು, ಆದರೂ ಆ ಒಂದು ವಾಕ್ಯ ಸಿಗದೆ ಬಾಯಿ ಕಟ್ಟಿತು. ಕೊನೆಗೆ ಜೇಬಿನಿಂದ ಹಾಳೆ ತೆಗೆದು ಓದಿ ಮುಗಿಸಿದೆ.

ಅವತ್ತಿಗೆ ಬಾಯಿಪಾಠ ಬಿಟ್ಟೆ. ಈಗ ಕತೆಯನ್ನು ಏಳೆಂಟು ದೃಶ್ಯಗಳಾಗಿ ನೆನಪಿಟ್ಟುಕೊಳ್ಳುತ್ತೇನೆ. ಮೊದಲ ವಾಕ್ಯ, ಕೊನೆಯ ವಾಕ್ಯ ಇವೆರಡೇ ಪಕ್ಕಾ. ನಡುವಿನದೆಲ್ಲ ಅವತ್ತು ಬಂದ ಹಾಗೆ. ಇದೇನೂ ನನ್ನ ಶೋಧವಲ್ಲ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸರು ಯುಗೊಸ್ಲಾವಿಯಾದ ಹಾಡುಗಾರರನ್ನು ಧ್ವನಿಮುದ್ರಿಸಿಕೊಂಡಿದ್ದರು. ಸಾವಿರಾರು ಸಾಲು ಹಾಡುತ್ತಿದ್ದ ಅವರು ಕಂಠಪಾಠ ಒಪ್ಪಿಸುತ್ತಿರಲಿಲ್ಲ. ಸಿದ್ಧ ನುಡಿಗಟ್ಟುಗಳ ಆಸರೆಯಲ್ಲಿ ಪ್ರತಿ ಸಲವೂ ಹೊಸದಾಗಿ ಕಟ್ಟುತ್ತಿದ್ದರು. ಇದನ್ನು ಮೊದಲೇ ಓದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತೇನೋ.

ಇನ್ನೊಂದು ತೊಡಕು ನನ್ನ ವಾಕ್ಯಗಳದ್ದೇ. ‘ಮೂರು ವರ್ಷದಿಂದ ಮನೆಯಾಚೆ ಕಾಲಿಡದ, ಯಾರೊಡನೆಯೂ ಮಾತಾಡದ ಮುದುಕ ಅಂದು ಬಾಗಿಲು ತೆರೆದ’ ಅಂತ ಬರೆದಿದ್ದೆ. ಓದಲು ಚೆಂದ. ಕೇಳುವವರು ಮಾತ್ರ ಇದು ಯಾರ ವಿಷಯ ಅಂತ ತಿಳಿಯಲು ‘ಮುದುಕ’ ಬರುವವರೆಗೂ ಕಾಯಬೇಕು. ಈಗ ಹೇಳುವುದು ಹೀಗೆ: ‘ಒಬ್ಬ ಮುದುಕ ಇದ್ದ. ಮೂರು ವರ್ಷ ಮನೆಯಿಂದ ಆಚೆ ಬಂದಿರಲಿಲ್ಲ. ಯಾರ ಜೊತೆಗೂ ಮಾತಿಲ್ಲ. ಅವತ್ತು ಬಾಗಿಲು ತೆಗೆದ.’

ತೆಗೆದ ಅಂದಮೇಲೆ ಸುಮ್ನೆ ನಿಲ್ಲುತ್ತೇನೆ. ಎರಡು ಉಸಿರಿನಷ್ಟು ಹೊತ್ತು. ಆ ಮೌನ ಕಲಿಯಲು ನನಗೆ ವರ್ಷ ಹಿಡಿಯಿತು. ಜನರೆದುರು ನಿಂತವನಿಗೆ ಎರಡು ಸೆಕೆಂಡೂ ಉದ್ದವೇ ಅಲ್ವಾ!

ಹೆಸರುಗಳು ಮೂರಕ್ಕಿಂತ ಜಾಸ್ತಿ ಇಡುವುದಿಲ್ಲ. ಓದುವವರು ಪುಟ ಹಿಂದಕ್ಕೆ ತಿರುಗಿಸಬಹುದು, ಕೇಳುವವರಿಗೆ ಆ ಅನುಕೂಲ ಇಲ್ಲ.

ಹೇಳುವ ಅಭ್ಯಾಸ ಬರವಣಿಗೆಗೂ ಹತ್ತಿಕೊಂಡಿತು. ಹೊಸ ಕತೆಯನ್ನು ಬರೆಯುವ ಮೊದಲು ನಾಲ್ಕೈದು ಜನರಿಗೆ ಹೇಳುತ್ತೇನೆ. ಎಲ್ಲಿ ಅವರ ಕೈ ಫೋನಿನ ಕಡೆ ಹೋಗುತ್ತದೋ ಅಲ್ಲಿ ಕತ್ತರಿ. ನಗು ಬಂದ ಜಾಗವನ್ನು ಮಾತ್ರ ನಂಬುವುದಿಲ್ಲ. ಎಷ್ಟೋ ಸಲ ಅವರು ನಕ್ಕಿದ್ದು ನನ್ನ ಮುಖ ನೋಡಿ. ಹಾಳೆಗೆ ಇಳಿಸಿದರೆ ಸಪ್ಪೆ.

ಆ ಮುದುಕನ ಕತೆ ಹೇಳುವಾಗ ಒಮ್ಮೆ, ನಾನು ಸುಮ್ಮನೆ ನಿಂತಿದ್ದ ಆ ಎರಡು ಉಸಿರಿನ ನಡುವೆ, ಮುಂದೆ ಕೂತಿದ್ದ ಪುಟ್ಟ ಹುಡುಗಿ ಕೇಳಿಬಿಟ್ಟಳು: ‘ಹೊರಗೆ ಯಾರಿದ್ರು?’ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ‘ಒಂದು ನಾಯಿ’ ಅಂದುಬಿಟ್ಟೆ. ಪುಸ್ತಕದಲ್ಲಿ ಇವತ್ತಿಗೂ ಬಾಗಿಲಾಚೆ ಯಾರೂ ಇಲ್ಲ. ಹೇಳುವ ಕತೆಯಲ್ಲಿ ನಾಯಿ ಉಳಿದುಕೊಂಡಿದೆ. ಈಚೆಗೆ ಅದಕ್ಕೆ ಒಂದು ಕಾಲು ಕುಂಟು ಬೇರೆ.