ಗೊಬ್ಬರದಂಗಡಿಯಿಂದ ತಂದ ಡಿ ಬ್ಲಾಕ್

ಗಂಗಾವತಿಯಲ್ಲಿ ಪಿಯು ಹುಡುಗರಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಡಿ ಬ್ಲಾಕ್ (ಆವರ್ತಕ ಕೋಷ್ಟಕದ ನಡುವಿನ ಕಬ್ಬಿಣ, ತಾಮ್ರದಂಥ ಲೋಹಗಳ ಗುಂಪು) ಪಾಠ ಬಂತೆಂದರೆ ಮೊದಲೆಲ್ಲ ಬೋರ್ಡ್ ತುಂಬ ಎಲೆಕ್ಟ್ರಾನ್ ವಿನ್ಯಾಸ ಬರೆದು, ಕೆಳಗೆ ಬಣ್ಣ, ಉತ್ಕರ್ಷಣ ಸ್ಥಿತಿ (ಎಷ್ಟು ಎಲೆಕ್ಟ್ರಾನ್ ಬಿಟ್ಟುಕೊಟ್ಟಿದೆ ಅನ್ನುವ ಲೆಕ್ಕ), ಕ್ರಿಯಾವರ್ಧಕ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಅಂತ ಗೀಚಿ ಮುಗಿಸುತ್ತಿದ್ದೆ. ಹುಡುಗರು ಬಾಯಿಪಾಠ ಮಾಡುತ್ತಿದ್ದರು, ಅಂಕವೂ ಬೀಳುತ್ತಿತ್ತು. ಮೆಗ್ನೀಷಿಯಂಗೂ ಕಬ್ಬಿಣಕ್ಕೂ ಏನು ವ್ಯತ್ಯಾಸ ಅಂತ ಎಬ್ಬಿಸಿ ಕೇಳಿದರೆ ಮಾತ್ರ ಎಲ್ಲರ ಕಣ್ಣೂ ನೆಲದ ಮೇಲೆ.

ಒಂದು ವರ್ಷ ಪಾಠವನ್ನೇ ತಲೆಕೆಳಗು ಮಾಡಿದೆ. ಸುತ್ತ ಭತ್ತದ ಗದ್ದೆಯಿರುವ ಊರಿನಲ್ಲಿ ಗೊಬ್ಬರದಂಗಡಿಗೇನು ಬರ? ಮೈಲುತುತ್ತ (ತಾಮ್ರದ ಸಲ್ಫೇಟ್), ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಜಿಂಕ್ ಸಲ್ಫೇಟ್, ಮೆಗ್ನೀಷಿಯಂ ಸಲ್ಫೇಟ್ ಅಲ್ಲೇ ಸಿಕ್ಕವು. ಅಲ್ಯೂಮಿನಿಯಂ ಇರುವ ಪಟಿಕ ಕಿರಾಣಿ ಅಂಗಡಿಯಲ್ಲಿ. ಐದು ಗಾಜಿನ ಬಾಟಲಿಯಲ್ಲಿ ಕರಗಿಸಿ ಕಿಟಕಿಗೆ ಸಾಲಾಗಿ ಇಟ್ಟೆ. ಐದೂ ಸಲ್ಫೇಟೇ, ಆದ್ದರಿಂದ ಬಣ್ಣ ಸಲ್ಫೇಟಿನದು ಅನ್ನುವಂತಿಲ್ಲ. ತಾಮ್ರದ್ದು ನೀಲಿ, ಕಬ್ಬಿಣದ್ದು ತಿಳಿಹಸಿರು, ಮೆಗ್ನೀಷಿಯಂ ಮತ್ತು ಅಲ್ಯೂಮಿನಿಯಂ ಬರೀ ನೀರಿನಂತೆ. ಜಿಂಕ್ ಕೂಡ ನೀರಿನಂತೆಯೇ.

"ಸರ್, ಜಿಂಕ್ ಚಾರ್ಟ್‌ನ್ಯಾಗ ತಾಮ್ರದ ಮಗ್ಗುಲ್ದಾಗ ಐತಲ್ರಿ, ಇದಕ್ಯಾಕ ಬಣ್ಣಿಲ್ಲ?" ಅಂದ ಒಬ್ಬ. ಅವರಪ್ಪ ಭತ್ತಕ್ಕೆ ಪ್ರತಿವರ್ಷ ಜಿಂಕ್ ಹಾಕುವವರು. ಎಲೆಕ್ಟ್ರಾನ್ ವಿನ್ಯಾಸ ಬೋರ್ಡಿಗೆ ಬಂದದ್ದು ಆಗಲೇ. ತಾಮ್ರದ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ) 3ಡಿಯಲ್ಲಿ, ಅಂದರೆ ಹತ್ತು ಎಲೆಕ್ಟ್ರಾನ್ ಹಿಡಿಯುವ ಡಿ ಕಕ್ಷಕಗಳಲ್ಲಿ, 9 ಎಲೆಕ್ಟ್ರಾನ್, ಒಂದು ಜಾಗ ಖಾಲಿ. ಸುತ್ತಲಿನ ನೀರಿನ ಅಣುಗಳು ಡಿ ಕಕ್ಷಕಗಳನ್ನು ಮೇಲೆ ಕೆಳಗೆ ಒಡೆಯುತ್ತವೆ, ಬೆಳಕಿನ ಒಂದು ಪಾಲನ್ನು ನುಂಗಿ ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ, ಉಳಿದ ಬೆಳಕು ನಮಗೆ ನೀಲಿ. ಜಿಂಕ್‌ನಲ್ಲಿ 10 ತುಂಬಿವೆ, ಜಿಗಿಯಲು ಜಾಗವಿಲ್ಲ. ಹಾಗಾಗಿ ಡಿ ಬ್ಲಾಕಿನಲ್ಲಿ ಕೂತಿದ್ದರೂ ಡಿ ಪೂರ್ತಿ ತುಂಬದ ಸಂಕ್ರಮಣ ಲೋಹಗಳ ಪಂಕ್ತಿಯಲ್ಲಿ ಅದಕ್ಕೆ ಎಲೆಯಿಲ್ಲ. ನೀರಿನ ಕೈವಾಡ ನಂಬದವರಿಗೆ ಮೈಲುತುತ್ತವನ್ನು ಪ್ರನಾಳದಲ್ಲಿ ಕಾಯಿಸಿ ಬೆಳ್ಳಗೆ ಮಾಡಿ, ಆರಿದ ಮೇಲೆ ಒಂದು ಹನಿ ನೀರು ಬಿಟ್ಟೆ. ಮತ್ತೆ ನೀಲಿ!

ಕರಗುವ ಬಿಂದುವಿಗೆ ಹೆಚ್ಚು ಹೊತ್ತು ಕೊಡಲಿಲ್ಲ. ಸೋಡಿಯಂ 98 ಡಿಗ್ರಿಗೇ ಕರಗುತ್ತದೆ, ಕಬ್ಬಿಣಕ್ಕೆ 1538 ಬೇಕು. ಕಬ್ಬಿಣದಲ್ಲಿ ಡಿ ಎಲೆಕ್ಟ್ರಾನುಗಳೂ ಬಂಧಕ್ಕೆ ಕೈ ಜೋಡಿಸುತ್ತವೆ, ಜಿಂಕ್‌ನಲ್ಲಿ ಅವು ಕೈಕಟ್ಟಿ ಕೂರುವುದರಿಂದ 420ಕ್ಕೇ ಮುಗಿಯಿತು.

ಎಡವಟ್ಟಾದದ್ದು ಅನ್ನಭೇದಿಯದು. ಅವಸರಕ್ಕೆ ಬೋರ್‌ವೆಲ್ ನೀರಿನಲ್ಲೇ ಕರಗಿಸಿದ್ದೆ. ಎರಡೇ ದಿನಕ್ಕೆ ಹಸಿರು ಹೋಗಿ ಕಂದು ಬಗ್ಗಡ. ಬಾಟಲಿಯನ್ನು ಮುಚ್ಚಿಡಲು ಹೋದವನು ಹಾಗೇ ತರಗತಿಗೆ ಒಯ್ದೆ. ಕ್ಷಾರದ ನೀರಿನಲ್ಲಿ ಗಾಳಿ ತಾಗಿ ಎರಡು ಎಲೆಕ್ಟ್ರಾನ್ ಕಳೆದುಕೊಂಡಿದ್ದ +2ರ ಕಬ್ಬಿಣ ಇನ್ನೊಂದನ್ನೂ ಕಳೆದುಕೊಂಡು +3 ಆಗಿತ್ತು. ಮೆಗ್ನೀಷಿಯಂ ಬಾಟಲಿ ವರ್ಷವಿಟ್ಟರೂ ಹೀಗಾಗುವುದಿಲ್ಲ. ಎರಡು ಎಲೆಕ್ಟ್ರಾನ್ ಕೊಟ್ಟ ಮೇಲೆ ಮೂರನೆಯದನ್ನು ಒಳಗಿನ ಕವಚದಿಂದ ಕೀಳಬೇಕು, ಅಷ್ಟು ಶಕ್ತಿ ಯಾರು ಕೊಡುತ್ತಾರೆ? ಕಬ್ಬಿಣದ 3ಡಿ, 4ಎಸ್ ಮಟ್ಟಗಳು ಹತ್ತಿರ ಹತ್ತಿರ, ಮೂರನೆಯದು ಸಲೀಸಾಗಿ ಹೊರಡುತ್ತದೆ. ಹಸಿರೇ ಉಳಿಯಬೇಕೆಂದರೆ ಭಟ್ಟಿ ಇಳಿಸಿದ ನೀರಿಗೆ ನಾಲ್ಕು ಹನಿ ಸಾರರಿಕ್ತ ಗಂಧಕಾಮ್ಲ ಹಾಕಿ ಕರಗಿಸಿ. ನಾನಂತೂ ಈಗ ಬೇಕೆಂದೇ ಎರಡು ಬಾಟಲಿ ಮಾಡುತ್ತೇನೆ, ಒಂದು ಕೆಡಲಿಕ್ಕೇ.

ಸಂಡೂರಿನ ನೆಂಟರ ಮನೆಗೆ ಹೋಗಿದ್ದ ಹುಡುಗಿಯೊಬ್ಬಳು ಮ್ಯಾಂಗನೀಸ್ ಅದಿರಿನ ಕರಿ ಕಲ್ಲು ತಂದಳು. ಮುಟ್ಟಿದರೆ ಕೈಗೆ ಮಸಿ. ಪುಡಿ ಮಾಡಿ, ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡಿಗೆ ಚಿಟಿಕೆ ಹಾಕಿದೆವು. ಬುಸುಬುಸು ನೊರೆ! ಕೆಂಡವಿದ್ದ ಊದಿನಕಡ್ಡಿ ಹಿಡಿದರೆ ಭಗ್ಗನೆ ಹೊತ್ತಿತು, ಹೊರಬಂದದ್ದು ಆಮ್ಲಜನಕ. ಪಟಿಕದ ಪುಡಿಗೆ ಏನೂ ಆಗಲಿಲ್ಲ. ಅದೇ ಕರಿ ಪುಡಿಯನ್ನು ಸೋಸಿ ಒಣಗಿಸಿ ಮಧ್ಯಾಹ್ನ ಇನ್ನೊಂದು ಸೆಕ್ಷನ್ನಿಗೂ ಬಳಸಿದೆ. ಕ್ರಿಯಾವರ್ಧಕ ಖರ್ಚಾಗುವುದಿಲ್ಲ ಅಂತ ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಒಂದು ಸ್ಥಿತಿಯಲ್ಲಿ ಎಲೆಕ್ಟ್ರಾನ್ ಪಡೆದು ಇನ್ನೊಂದರಲ್ಲಿ ವಾಪಸು ಕೊಡುವ ಈ ಕೈಬದಲಿ ಮ್ಯಾಂಗನೀಸಿಗೆ ಸುಲಭ, +2ರಿಂದ +7ರವರೆಗೆ ಅದಕ್ಕೆ ಮೆಟ್ಟಿಲುಗಳಿವೆ.

+7 ತೋರಿಸಲು ಪೊಟ್ಯಾಸಿಯಂ ಪರ್ಮಾಂಗನೇಟ್ ಇಟ್ಟೆ, ಅಲ್ಲೇ ಸಿಕ್ಕಿಬಿದ್ದೆ. ಕಲ್ಲು ತಂದ ಹುಡುಗಿಯೇ ಕೇಳಿದಳು: "+7 ಅಂದ್ರ ಡಿ ಪೂರ್ತಿ ಖಾಲಿ ಅಲ್ರೀ ಸರ್? ಜಿಗಿಯೋ ಎಲೆಕ್ಟ್ರಾನೇ ಇಲ್ಲಂದ್ರ ಈ ನೇರಳೆ ಎಲ್ಲಿಂದ ಬಂತ್ರಿ?" ನಾಳೆ ಹೇಳ್ತೀನಿ ಅಂದು ರಾತ್ರಿ ಪುಸ್ತಕ ತಿರುವಿ ಹಾಕಿದೆ. ಇಲ್ಲಿ ಜಿಗಿಯುವುದು ಆಮ್ಲಜನಕದ ಎಲೆಕ್ಟ್ರಾನ್, ಅದು ಬೆಳಕು ನುಂಗಿ ಮ್ಯಾಂಗನೀಸಿನ ಖಾಲಿ ಡಿಗೆ ಹಾರುತ್ತದೆ. ಕ್ರೋಮಿಯಂನ ಲವಣವಾದ ಕ್ರೋಮೇಟಿನ ಹಳದಿಯೂ ಇದೇ ದಾರಿಯದು. ಮರುದಿನ ಬೋರ್ಡಿನ ಮೇಲೆ ಮೊದಲು ಅವಳ ಪ್ರಶ್ನೆಯನ್ನೇ ಬರೆದೆ.

ಈಗ ಪರ್ಮಾಂಗನೇಟ್ ಬಾಟಲಿಯನ್ನು ಉಳಿದವುಗಳ ಸಾಲಿಗೆ ಸೇರಿಸದೆ ಒಂದು ಗೇಣು ಆಚೆ ಇಡುತ್ತೇನೆ, ಯಾಕೆ ಅಂತ ಯಾರಾದರೂ ಕೇಳಲಿ ಎಂದು.