ದೋಟಿಯ ತುದಿಗೆ ಕ್ಯಾಮರಾ: ಬೂರುಗದ ಹೂವನ್ನು ಮೇಲಿನಿಂದ ತೆಗೆದ ಅನುಭವ

ಬೂರುಗದ ಹೂವಿನ ಫೋಟೊ ನಮ್ಮ ಶಿರಸಿ ಕಡೆಯ ಎಲ್ಲ ಫೋಟೊ ಹುಚ್ಚರ ಹತ್ತಿರವೂ ಇದೆ, ಎಲ್ಲರದ್ದೂ ಒಂದೇ ಥರ ಇದೆ. ನೀಲಿ ಆಕಾಶ, ಎಲೆಯಿಲ್ಲದ ಕೊಂಬೆ, ದಪ್ಪ ತೊಟ್ಟಿನ ಹಸಿರು ಬುಡ, ಅದರಾಚೆ ಅಷ್ಟಿಷ್ಟು ಕೆಂಪು. ಪುಣ್ಯವಿದ್ದರೆ ಒಂದು ಮೈನಾದ ಬಾಲ. ಬೇರೆ ಬರಲು ಸಾಧ್ಯವೂ ಇಲ್ಲ. ಹೂವು ಆಕಾಶ ನೋಡುತ್ತದೆ, ನಾವು ನೆಲದಲ್ಲಿ ನಿಂತು ಅದರ ಬುಡ ನೋಡುತ್ತೇವೆ. ಐದು ದಪ್ಪ ಎಸಳು, ನಡುವೆ ಗೊಂಚಲು ಗೊಂಚಲಾಗಿ ನಿಂತ ಕೇಸರ, ಬುಡದಲ್ಲಿ ಮಕರಂದ, ಅದಕ್ಕೆ ಕುತ್ತಿಗೆ ತುರುಕುವ ಹಕ್ಕಿ: ನೋಡಬೇಕಾದದ್ದೆಲ್ಲ ಮೇಲಿನಿಂದಲೇ. ಮರ ಹತ್ತೋಣವೆಂದರೆ ಕಾಂಡದ ತುಂಬ ಮುಳ್ಳು.

ಅಡಿಕೆಯ ಕೊನೆ, ಅಂದರೆ ಗೊಂಚಲು, ಕೊಯ್ಯುವ ಉದ್ದ ಕೋಲಾದ ದೋಟಿಗೆ ಕ್ಯಾಮರಾ ಕಟ್ಟುತ್ತೇನೆ ಅಂದಾಗ ಗೆಳೆಯರು ನಕ್ಕರು. ‘ಡ್ರೋನ್ ತಗೊಳ್ಳೋ ಮಾರಾಯ, ಕಾಲ ಎಲ್ಲಿಗೆ ಬಂತು’ ಅಂದರು. ಅವರಲ್ಲೇ ಒಬ್ಬ ಡ್ರೋನ್ ತಂದು ತೋರಿಸಿಯೂ ಬಿಟ್ಟ. ಗಿರ್‍ರೆಂದು ಅದು ಮೇಲೇರುತ್ತಿದ್ದಂತೆ ಮೈನಾ, ಕಾಜಾಣ ಎಲ್ಲ ಖಾಲಿ. ಹೂವಿನ ಹತ್ತಿರ ಇಳಿಸಿದರೆ ರೆಕ್ಕೆಯ ಗಾಳಿಗೆ ಕೇಸರಗಳು ಅಲ್ಲಾಡಿ ಒಂದೂ ಚೂಪಾಗಿ ಬರಲಿಲ್ಲ, ಬಾಡಿದ ನಾಲ್ಕು ಹೂ ಉದುರಿದ್ದೇ ಲಾಭ. ದೂರ ಇಟ್ಟರೆ ಮರದ ನಕಾಶೆ ಬರುತ್ತದೆ, ಹೂವು ಬರುವುದಿಲ್ಲ. ಡ್ರೋನಿನವರು ಕೋಪಿಸಿಕೊಳ್ಳಬೇಡಿ. ಇಡೀ ಮರ ಬೇಕಾದರೆ ಅದೇ ಸರಿ.

ದೋಟಿ ಹೇಗೂ ಮನೆಯಲ್ಲಿ ಇತ್ತು. ಕೊನೆಕೊಯ್ಲು ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲ, ಬೂರುಗ ಹೂ ಬಿಡುವುದೂ ಆಗಲೇ. ಆದರೆ ನಾನು ಮೊದಲು ಎತ್ತಿದ್ದು ಕಾರ್ಬನ್ ಫೈಬರ್ ದೋಟಿಯನ್ನಲ್ಲ. 70 ಸಾವಿರದ ಹತ್ತಿರ ಕೊಟ್ಟ ಮಾಲಿನ ತುದಿಯಲ್ಲಿ ಪ್ರಯೋಗ ಮಾಡಲು ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಹಳೆಯ ಬಿದಿರು ದೋಟಿಯಿಂದ ಶುರು ಮಾಡಿದೆ. ಇಪ್ಪತ್ತು ಅಡಿಯವರೆಗೆ ಚೆನ್ನಾಗಿತ್ತು, ಆಮೇಲೆ ತುದಿ ಬಾಗಿ ಜಾತ್ರೆಯ ತೊಟ್ಟಿಲಿನ ಹಾಗೆ ಹೋಗಿ ಬರತೊಡಗಿತು. ಎರಡನೆಯದು ಪೇಂಟರುಗಳು ಗೋಡೆಗೆ ಬಳಸುವ ಅಲ್ಯೂಮಿನಿಯಂ ಕೋಲು. ಎರಡು ಸಾವಿರ ಚಿಲ್ಲರೆ ಕೊಟ್ಟೆ, ಮೂರನೇ ಗೆಣ್ಣಿನಲ್ಲಿ ಮಡಚಿಕೊಂಡಿತು. ತುದಿಯಲ್ಲಿದ್ದದ್ದು ಹಳೆಯ ಆಕ್ಷನ್ ಕ್ಯಾಮರಾ, ಬಿದ್ದದ್ದು ತರಗೆಲೆಯ ಮೇಲೆ, ಬದುಕಿತು. ಆದರೆ ಅದರ ಚಿತ್ರ ಹತ್ತು ಇಂಚಿನ ಪ್ರಿಂಟಿಗೂ ಆಗುವುದಿಲ್ಲ. ನೆರಳು ಜಾಗವೆಲ್ಲ ಎಣ್ಣೆಬಣ್ಣ ಬಳಿದ ಹಾಗೆ.

ಎರಡನೇ ವರ್ಷ ಫೈಬರ್ ದೋಟಿ ಕೈಗೆ ಬಂತು. ಅದರ ತುದಿಗೆ ಕತ್ತಿ ಕೂರಿಸುವ, ಮದ್ದು ಹೊಡೆಯುವ ನಳಿಕೆ ಕೂರಿಸುವ ಹೆಡ್ ಬೇರೆ ಬೇರೆ ಇರುತ್ತದಲ್ಲ, ಅದರಲ್ಲಿ ಹಳೆಯದೊಂದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದೆ. ಕ್ಯಾಮರಾದ ಕೆಳಗಿನ ತೂತು ಕಾಲಿಂಚಿನದು, ಇಂಚಿಗೆ 20 ಸುತ್ತು. ಅಂಗಡಿಯವರು ‘ಎಲ್ಲ ಒಂದೇ’ ಅಂತ 6 ಎಂಎಂ ಬೋಲ್ಟ್ ಕೊಡುತ್ತಾರೆ. ಒಂದೆರಡು ಸುತ್ತು ಹೋಗಿ ಕೂತ ಹಾಗೆ ಕಾಣುತ್ತದೆ, ಮೇಲೆ ಹೋದ ಮೇಲೆ ಸಡಿಲ. ಹಳೇ ಸಾಮಾನಿನ ಅಂಗಡಿಯಲ್ಲಿ ಕಾಲಿಂಚಿನ ಇಂಗ್ಲಿಷ್ ಸುತ್ತಿನ ಬೋಲ್ಟ್ ಕೇಳಿ ತನ್ನಿ. ಕ್ಯಾಮರಾ ಮೂವತ್ತು ಡಿಗ್ರಿಯಷ್ಟು ಕೆಳಗೆ ಬಾಗುವಂತೆ ಪಟ್ಟಿ ಬಗ್ಗಿಸಿ ವೆಲ್ಡ್ ಮಾಡಿಸಿದೆ. ಎಲ್ಲ ಕಡೆಗೂ ತಿರುಗುವ ಬಾಲ್‌ಹೆಡ್ ಹಾಕಲು ಹೋಗಬೇಡಿ, ತೂಕ ದಂಡ, ಅಲುಗಾಟಕ್ಕೆ ತಿರುಗಿಕೊಳ್ಳುತ್ತದೆ. ಎಲ್ಲ ಸೇರಿ ಆರುನೂರು ರೂಪಾಯಿ ಆಗಿರಬೇಕು, ಮೇಲೆ ಎರಡು ಚಾ. ಕ್ಯಾಮರಾದ ಕತ್ತುಪಟ್ಟಿಯನ್ನು ದೋಟಿಗೆ ಬೇರೆಯಾಗಿ ಬಿಗಿದಿರುತ್ತೇನೆ. ಬೋಲ್ಟ್ ಕೈಕೊಟ್ಟರೂ ನೇತಾಡುತ್ತದೆ, ಬೀಳುವುದಿಲ್ಲ.

ಮೊದಲ ಬೆಳಿಗ್ಗೆ ದೋಟಿ ಎತ್ತಿದಾಗ ಕೊನೆ ಕೊಯ್ಯಲು ಬರುವವನೇ ಹಿಡಿದಿದ್ದ. ‘ಹೆಗಡೇರೆ, ಕೊನೆಯಿಲ್ಲದ ಮರಕ್ಕೆ ದೋಟಿ ಹಾಕೂದ ಇದೇ ಮೊದ್ಲು ನೋಡಿದ್ದು’ ಅಂದ. ಆದರೆ ದೋಟಿಯ ವಿದ್ಯೆ ಅವನದು. ಅರವತ್ತು ಅಡಿಯ ಕೋಲನ್ನು ನೆಟ್ಟಗೆ ನಿಲ್ಲಿಸಿ ಬೆರಳ ತುದಿಯಲ್ಲಿ ತಿರುಗಿಸುವವನ ಮುಂದೆ ಜಿಮ್ ಹುಡುಗರೆಲ್ಲ ಸುಳ್ಳು. ಅವನ ಅರ್ಧ ದಿನದ ಸಂಬಳ ಕೊಟ್ಟೇ ಕರೆದುಕೊಳ್ಳುತ್ತೇನೆ. ಈ ಕೆಲಸದಲ್ಲಿ ದೊಡ್ಡ ಖರ್ಚು ಅದೇ, ಅದರಲ್ಲಿ ಉಳಿತಾಯ ಮಾಡಲು ಹೋಗಬಾರದು.

ಕ್ಯಾಮರಾ ಸೆಕೆಂಡ್ ಹ್ಯಾಂಡ್ ಮೈಕ್ರೋ ಫೋರ್ ಥರ್ಡ್ಸ್ (ಚಿಕ್ಕ ಸೆನ್ಸರಿನ) ಬಾಡಿ, ಹದಿನೆಂಟು ಸಾವಿರಕ್ಕೆ ಸಿಕ್ಕಿತ್ತು. ಅದರ ಜೊತೆ ಬಂದ ಕಿಟ್ ಲೆನ್ಸ್‌ನಲ್ಲಿ ಒಂದು ಇಡೀ ಸೀಸನ್ ಹಾಳಾಯಿತು. ಆಟೋಫೋಕಸ್ ಹೂವು ಬಿಟ್ಟು ಹಿಂದಿನ ಗುಡ್ಡ ಹಿಡಿಯುತ್ತದೆ. ಮ್ಯಾನುವಲ್‌ಗೆ ಹಾಕಿ ರಿಂಗಿಗೆ ಟೇಪ್ ಸುತ್ತಿದರೂ ಪ್ರಯೋಜನವಿಲ್ಲ, ಅದು ಬರೀ ಎಲೆಕ್ಟ್ರಾನಿಕ್ ರಿಂಗ್, ಕ್ಯಾಮರಾ ಆಫ್ ಆದರೆ ಎಲ್ಲ ಮರೆಯುತ್ತದೆ. ಕೊನೆಗೆ ಚೀನಾದ ಪೂರ್ತಿ ಮ್ಯಾನುವಲ್ 12 ಎಂಎಂ ಲೆನ್ಸ್ ಹನ್ನೊಂದು ಸಾವಿರದ ಆಸುಪಾಸಿಗೆ ಕೊಂಡೆ. ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಟ್ಟು ಫೋಕಸ್ 1.2 ಮೀಟರಿಗೆ ನಿಲ್ಲಿಸಿ ಟೇಪ್ ಹಾಕಿದರೆ ಅರವತ್ತು ಸೆಂಟಿಮೀಟರಿನಿಂದ ಗುಡ್ಡದವರೆಗೆ ಎಲ್ಲ ಚೂಪು. ಮೇಲೆ ಹೋದ ಮೇಲೆ ಫೋಕಸ್ ಎಂಬ ವಿಚಾರವೇ ಇಲ್ಲ. ಕೆಲಸ ಕೈಗೂಡಿದ್ದು ಈ ಲೆನ್ಸ್ ಬಂದ ದಿನದಿಂದ.

ಇನ್ನು ಅಲುಗಾಟ. ಎಲ್ಲರೂ ಆಗುವುದಿಲ್ಲ ಅಂದದ್ದು ಇದಕ್ಕೇ. ಮೂರು ಕಡೆಯಿಂದ ನೈಲಾನ್ ಹುರಿ ಕಟ್ಟಿ ಎಳೆದು ನೋಡಿದೆ. ಮೂವರು ಮೂರು ದಿಕ್ಕಿಗೆ ಎಳೆಯುತ್ತಾರೆ, ಮೂವರೂ ಬಯ್ದುಕೊಳ್ಳುತ್ತಾರೆ, ಫೋಟೊ ಬರುವುದಿಲ್ಲ. ದಾರಿ ತೋರಿಸಿದ್ದು ಮರವೇ. ಬೂರುಗದ ಕೊಂಬೆಗಳು ಕಾಂಡದ ಸುತ್ತ ಒಂದೇ ಎತ್ತರದಿಂದ ಅಡ್ಡಡ್ಡ ಹೊರಟಿರುತ್ತವೆ, ಸುತ್ತಿನ ಮೇಲೆ ಸುತ್ತು. ಕೆಳಗಿನ ಸುತ್ತಿನ ಕೊಂಬೆಗೆ ದೋಟಿ ಒರಗಿಸಿ, ಮೇಲಿನ ಸುತ್ತಿನ ಹೂವಿಗಿಂತ ಮೂರು ನಾಲ್ಕು ಅಡಿ ಮೇಲೆ ಕ್ಯಾಮರಾ ಬರುವಂತೆ ನೋಡಿಕೊಂಡರೆ ಮುಕ್ಕಾಲು ಅಲುಗಾಟ ಅಲ್ಲೇ ಸಾಯುತ್ತದೆ. ಒರಗುವ ಜಾಗಕ್ಕೆ ಸೈಕಲ್ ಟ್ಯೂಬ್ ಸುತ್ತಿ, ಮುಳ್ಳು ಫೈಬರಿಗೆ ಗೀರು ಹಾಕುತ್ತದೆ. ಉಳಿದ ಕಾಲು ಭಾಗ ತುದಿಯ ಓಲಾಟ. ಓಲಾಡುವ ಕೋಲು ಎರಡೂ ಕೊನೆಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆ. ಒಂದರ ಹಿಂದೊಂದು ಸರಸರ ತೆಗೆಯುವ ಬರ್ಸ್ಟ್ ಹಾಕಿ, ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ಇಟ್ಟರೆ ಹತ್ತರಲ್ಲಿ ಎರಡು ಮೂರು ಆ ಕ್ಷಣಕ್ಕೆ ಬಿದ್ದಿರುತ್ತವೆ. ಬೆಳಗಿನ ಬೆಳಕಿಗೆ ಕ್ಯಾಮರಾದ ಬೆಳಕು ಹಿಡಿಯುವ ಅಳತೆ ಐಎಸ್‌ಒ 800ರಿಂದ 1600 ಬೇಕಾಗುತ್ತದೆ, ಕಾಳು ಕಾಳು ಬಂದರೆ ಬರಲಿ. ಹೆಡ್ ಮತ್ತು ಕ್ಯಾಮರಾದ ನಡುವೆ ನಾನು ಇನ್ನೊಂದು ವಸ್ತು ಇಡುತ್ತೇನೆ, ಅಡುಗೆಮನೆಯದೇ. ಅದರಿಂದ ಹತ್ತರಲ್ಲಿ ಎರಡು ಮೂರು ಇದ್ದದ್ದು ಐದಾಯಿತು. ಏನೆಂದು ಇಲ್ಲಿ ಬರೆಯುವುದಿಲ್ಲ, ನೀವೂ ಸ್ವಲ್ಪ ಕೋಲು ಕುಣಿಸಿ.

ಎಂಟು ಗಂಟೆಯೊಳಗೆ ಮುಗಿಸಬೇಕು. ಆಮೇಲೆ ಗಾಳಿ ಏಳುತ್ತದೆ, ಬಿಸಿಲು ಕೆಂಪನ್ನು ಕೆಡಿಸುತ್ತದೆ. ಫೆಬ್ರವರಿಯಲ್ಲಿ ನಮ್ಮಲ್ಲಿ ಇಬ್ಬನಿ ಜೋರು, ಕ್ಯಾಮರಾವನ್ನು ಅರ್ಧ ಗಂಟೆ ಮೊದಲೇ ಚೀಲದಿಂದ ತೆಗೆದು ಹೊರಗಿಡಿ. ಕೆಂಪಿನ ಮಾತು ಬಂತು, ಅದನ್ನೂ ಹೇಳುತ್ತೇನೆ. ಕ್ಯಾಮರಾಕ್ಕೆ ಜೋಡಿಸಿಕೊಂಡ ಫೋನಿನಲ್ಲಿ ಕಾಣುವ ಹಿಸ್ಟೋಗ್ರಾಮ್, ಅಂದರೆ ಬೆಳಕಿನ ಹಂಚಿಕೆಯ ನಕ್ಷೆ, ಒಟ್ಟು ಬೆಳಕಿನದು. ಅದು ಸರಿಯಾಗಿದೆ ಅನ್ನುವಾಗಲೇ ಕೆಂಪು ಚಾನೆಲ್ ಮಾತ್ರ ಮಿತಿ ದಾಟಿರುತ್ತದೆ. ಮನೆಗೆ ಬಂದು ನೋಡಿದರೆ ಎಸಳಿನ ಗೆರೆ, ಮಡಿಕೆ ಏನೂ ಇಲ್ಲ, ಕೆಂಪು ಪ್ಲಾಸ್ಟಿಕ್. ಒಂದು ಸ್ಟಾಪ್ (ಅರ್ಧ ಬೆಳಕು) ಕಡಿಮೆ, ಬಿಸಿಲು ತಾಗಿದ್ದರೆ ಒಂದೂವರೆ ಕಡಿಮೆ ತೆಗೆಯಿರಿ. ರಾ (ಕ್ಯಾಮರಾ ಹಿಡಿದದ್ದನ್ನೆಲ್ಲ ಹಾಗೇ ಇಡುವ ಫೈಲ್) ಅಲ್ಲದೆ ತೆಗೆಯಬೇಡಿ. ಮುತ್ತುಗಕ್ಕೂ ಹಾಲವಾಣಕ್ಕೂ ಇದೇ ಲೆಕ್ಕ.

ಎರಡು ಅಪಾಯಗಳನ್ನು ಮಾತ್ರ ತಮಾಷೆ ಬಿಟ್ಟು ಹೇಳುತ್ತೇನೆ. ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ಬಿದಿರಿನ ಧೈರ್ಯದಲ್ಲಿ ಅದನ್ನು ಎತ್ತಬಾರದು. ತಂತಿ ಹಾದುಹೋದ ಮರದ ಹತ್ತಿರ, ಎಷ್ಟೇ ಹೂ ಬಿಟ್ಟಿರಲಿ, ನಾನು ದೋಟಿ ಬಿಚ್ಚುವುದೇ ಇಲ್ಲ. ಎರಡನೆಯದು ಹೆಜ್ಜೇನು. ಎತ್ತರದ ಬೂರುಗ ಅವಕ್ಕೆ ತವರುಮನೆ. ಒಮ್ಮೆ ದೋಟಿ ಇಪ್ಪತ್ತು ಅಡಿ ಹೋಗಿತ್ತೋ ಇಲ್ಲವೋ, ಆಚೆ ಕೊಂಬೆಯ ಹುಟ್ಟಿನ ಮೇಲೆ ಮೇಲಿಂದ ಕೆಳಕ್ಕೆ ಒಂದು ಅಲೆ ಹಾದುಹೋಯಿತು. ಹುಳಗಳು ಹೊಟ್ಟೆ ಎತ್ತಿ ಎಚ್ಚರಿಸುವ ರೀತಿ ಅದು. ದೋಟಿ ಹಿಡಿದವನು ಒಂದು ಮಾತೂ ಆಡದೆ ಗೆಣ್ಣು ಗೆಣ್ಣಾಗಿ ಇಳಿಸಿದ, ನಾವು ತಲೆ ತಗ್ಗಿಸಿ ಗದ್ದೆ ದಾಟಿದೆವು. ಈಗ ಹಿಂದಿನ ಸಂಜೆ ಬೈನಾಕ್ಯುಲರ್ ಹಿಡಿದು ಮರದ ಸುತ್ತ ಬಂದ ಮೇಲೆಯೇ ಸಂಬಳದವನಿಗೆ ಫೋನ್.

ಹಕ್ಕಿಗಳ ವಿಷಯದಲ್ಲಿ ನನಗೇ ಆಶ್ಚರ್ಯವಾಯಿತು. ಕೋಲು ಸದ್ದು ಮಾಡುವುದಿಲ್ಲ. ಹತ್ತು ಹದಿನೈದು ನಿಮಿಷ ಒರಗಿಸಿ ಸುಮ್ಮನೆ ಕೂತರೆ ಮೈನಾಗಳು ತಿರುಗಿ ಬರುತ್ತವೆ, ಅವುಗಳ ಹಿಂದೆ ಕಾಜಾಣ. ಮುಖಕ್ಕೆಲ್ಲ ಪರಾಗ ಮೆತ್ತಿಕೊಂಡ ಮೈನಾ ನೇರ ಲೆನ್ಸಿನೊಳಗೆ ನೋಡುವ ಫೋಟೊ ಒಂದಿದೆ. ಜಿಲ್ಲೆಯ ಒಂದು ಸ್ಪರ್ಧೆಗೆ ಕಳಿಸಿದ್ದೆ. ತೀರ್ಪುಗಾರರು ಕರೆದು ಕೇಳಿದ ಮೊದಲ ಪ್ರಶ್ನೆ, ‘ಯಾವ ಡ್ರೋನ್?’ ದೋಟಿ ಅಂದೆ. ನಂಬಲಿಲ್ಲ. ವೆಲ್ಡಿಂಗ್ ಹೆಡ್ಡಿನ ಫೋಟೊ ಕಳಿಸಿದ ಮೇಲೆ ಎರಡನೇ ಬಹುಮಾನ ಬಂತು. ನಕ್ಕಿದ್ದ ಗೆಳೆಯರಲ್ಲಿ ಇಬ್ಬರು ಈಗ ತಮ್ಮ ಮನೆಯ ದೋಟಿಯ ಅಳತೆ ಕಳಿಸಿ ಹೆಡ್ ಮಾಡಿಸಿಕೊಡು ಅನ್ನುತ್ತಿದ್ದಾರೆ.

ಬೇರೆ ಹೂವುಗಳಿಗೂ ಹಾಕಿ ನೋಡಿದ್ದೇನೆ. ಮುಂಡಗೋಡದಾಚೆ ಮುತ್ತುಗಕ್ಕೆ ದೋಟಿ ಒಯ್ದದ್ದು ವ್ಯರ್ಥ, ಮರವೇ ಗಿಡ್ಡ, ಹೂವು ಎಲ್ಲ ಕಡೆಗೂ ಮುಖ ಮಾಡಿರುತ್ತದೆ. ಅಲ್ಲಿ ಕೆಲಸಕ್ಕೆ ಬಂದದ್ದು ಬಿಳಿ ಪಂಚೆ. ಇಬ್ಬರು ಹಿಂದೆ ಹಿಡಿದು ನಿಂತರೆ ಕಪ್ಪು ತೊಟ್ಟು, ಕೇಸರಿ ಎಸಳು ಎರಡೂ ಬಿಡಿಸಿಟ್ಟ ಹಾಗೆ ಬರುತ್ತವೆ. ಸುರಗಿಗೆ ದೋಟಿಯೂ ಬೇಡ, ಪಂಚೆಯೂ ಬೇಡ, ಕೊಂಬೆಗೇ ಅಂಟಿಕೊಂಡ ಹೂವು, ಕಣ್ಣಿನ ಮಟ್ಟದಲ್ಲೇ ಸಿಗುತ್ತದೆ. ಅದರ ಪರಿಮಳ ಫೋಟೊದಲ್ಲಿ ಬರದ ಕಾರಣ ನನಗೆ ಯಾವತ್ತೂ ಆ ಚಿತ್ರಗಳು ಹಿಡಿಸಿಲ್ಲ. ಏಪ್ರಿಲ್‌ನಲ್ಲಿ ಹೊಳೆದಾಸವಾಳಕ್ಕೆ ಉಲ್ಟಾ ಮಾಡಿದೆ: ಕ್ಯಾಮರಾ ನೆಲದಲ್ಲಿ, ದೋಟಿಯ ತುದಿಗೆ ಎಲ್‌ಇಡಿ ಪ್ಯಾನಲ್. ಸಂಜೆ ಏಳರ ನೀಲಿಯಲ್ಲಿ ಮೇಲಿನಿಂದ ಬೆಳಕು ಬಿದ್ದು ನೇರಳೆ ಗೊಂಚಲು ಮಾತ್ರ ಎದ್ದು ನಿಂತಿತು. ಇದಿನ್ನೂ ಪೂರ್ತಿ ಕೈಗೆ ಹತ್ತಿಲ್ಲ, ದೀಪಕ್ಕೆ ಬರುವ ಹುಳಗಳದೇ ಒಂದು ಫೋಟೊ ಆಗುತ್ತದೆ. ಬೆಂಗಳೂರಿನ ಅಳಿಯ ಗುಲಾಬಿ ತಬೂಬಿಯಾಗೆ ದೋಟಿ ತನ್ನಿ ಅಂದ. ಆ ತಂತಿಗಳ ಊರಿಗೆ ನಾನು ತರುವುದಿಲ್ಲ. ಪಾದಚಾರಿ ಮೇಲ್ಸೇತುವೆ ಹತ್ತಿದರೆ ಬಿಟ್ಟಿಯಾಗಿ ಅದೇ ಎತ್ತರ ಸಿಗುತ್ತದೆ, ಅಂದೆ. ಹತ್ತಿ ತೆಗೆದು ಕಳಿಸಿದ್ದಾನೆ, ಪರವಾಗಿಲ್ಲ.

ಲೆಕ್ಕ ಕೇಳುವವರಿಗೆ: ದೋಟಿ ತೋಟದ ಖರ್ಚಿಗೆ ಹೋಯಿತು. ಕ್ಯಾಮರಾ, ಲೆನ್ಸ್, ಹೆಡ್, ಹಾಳಾದ ಕೋಲು, ಸಂಬಳ ಎಲ್ಲ ಸೇರಿ ಮೂರು ಸೀಸನ್ನಿನಲ್ಲಿ 45 ಸಾವಿರದ ಆಚೀಚೆ. ಬಂದದ್ದು ಒಂದು ಕ್ಯಾಲೆಂಡರಿಗೆ 12 ಸಾವಿರ, ಒಂದೆರಡು ಹೋಂಸ್ಟೇಗಳಿಗೆ ದೊಡ್ಡ ಪ್ರಿಂಟ್ ಮಾರಿ ಇನ್ನೊಂದು ಎಂಟು. ಬಾಕಿ ಈ ವರ್ಷ ತೀರುತ್ತದೆ ಅಂತ ಮನೆಯಲ್ಲಿ ಹೇಳಿದ್ದೇನೆ. ನೋಡಲು ಬರುವವರು ಫೆಬ್ರವರಿ ಮೊದಲ ವಾರ ಬನ್ನಿ, ಕ್ಯಾಮರಾ ನಿಮ್ಮದೇ ತನ್ನಿ, ದೋಟಿ ಹಿಡಿಯುವವನ ಸಂಬಳ ಹಂಚಿಕೊಳ್ಳೋಣ. ಮರ ಎಲ್ಲಿದೆ ಅಂತ ಫೋನಿನಲ್ಲಿ ಕೇಳಬೇಡಿ, ಲೊಕೇಶನ್ ಕಳಿಸುವುದಿಲ್ಲ.